ಆಗುಂಬೆಯಲ್ಲಿ ಒಂದು ಚೀಲ

ಆಗುಂಬೆಗೆ ಹೋಗುವವರೆಲ್ಲರೂ ಸೂರ್ಯಾಸ್ತವನ್ನು ನೋಡಲು ಹೋಗುತ್ತಾರೆ. ನಾನು ಹೋದದ್ದು ಒಂದು ಬಟ್ಟೆಯ ಚೀಲವನ್ನು ನೋಡಲು. ಇದನ್ನು ಕೇಳಿ ನನ್ನ ಸಹೋದ್ಯೋಗಿಗಳು ನಕ್ಕರು. ಮನೆಯಲ್ಲಿ ಯಾರೂ ನಗಲಿಲ್ಲ. ಏಕೆಂದರೆ ಅದು ಹಾವನ್ನು ಹೊರುವ ಚೀಲವೆಂಬುದು ಮನೆಯವರಿಗೆ ಗೊತ್ತಿತ್ತು.

ಹಾವಿಗೂ ನನಗೂ ಈ ನಂಟು ಬೆಳೆದ ಬಗೆಯನ್ನು ಮೊದಲು ಹೇಳಬೇಕು. ನಾನು ಪಾಠ ಹೇಳುವ ಕಾಲೇಜು ಬಯಲುಸೀಮೆಯ ಒಂದು ಊರಿನ ಅಂಚಿನಲ್ಲಿದೆ. ಸುತ್ತಲೂ ಜೋಳದ ಹೊಲ, ಕುರುಚಲು ಪೊದೆ, ಬೇಲಿಯ ಬದಿಗೆ ಒಂದು ಹಳೆಯ ಹುತ್ತ. ಎರಡು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಗ್ರಂಥಾಲಯದ ಹಿಂದಣ ಮೆಟ್ಟಿಲುಗಳ ಕೆಳಗೆ ನಾಗರಹಾವೊಂದು ಕಾಣಿಸಿಕೊಂಡಿತು. ದೊಣ್ಣೆ ಹಿಡಿದು ಬಂದವರನ್ನು ನಾನೇ ಅಡ್ಡ ನಿಂತು ತಡೆದೆ. ಹಾವು ಹಿಡಿಯುವವರೊಬ್ಬರನ್ನು ಕರೆಸಿದೆ. ಅವರು ಅದನ್ನು ಹಿಡಿದು ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಹಾಕಿ, ಮುಚ್ಚಳ ಬಿಗಿದು, "ಎಲ್ಲಿ ಬಿಡಲಿ ಸಾರ್?" ಎಂದು ಕೇಳಿದರು. "ಎಷ್ಟು ದೂರವಾದರೂ ಸರಿ, ಒಳ್ಳೆಯ ಕಾಡಿನಲ್ಲಿ ಬಿಡಿ, ಖರ್ಚು ನನ್ನದು" ಎಂದೆ.

ಡಬ್ಬಿ ನನ್ನ ಕಾರಿನ ಡಿಕ್ಕಿಗೆ ಏರಿತು. ಉರಿಬಿಸಿಲಿನಲ್ಲಿ ಸುಮಾರು ೭೦ ಕಿಲೋಮೀಟರು ಪ್ರಯಾಣ ಮಾಡಿ, ಮಲೆನಾಡು ಮೊದಲಾಗುವಲ್ಲಿ, ಹಸಿರು ತುಂಬಿದ ಒಂದು ಕಾಡಿನಂಚಿನಲ್ಲಿ ಅದನ್ನು ಬಿಟ್ಟೆವು. ಹಾವು ಕೆಲವು ನಿಮಿಷ ಬಿದ್ದಲ್ಲಿಯೇ ಬಿದ್ದಿತ್ತು. ಅನಂತರ ನಿಧಾನವಾಗಿ ಹರಿದು ಪೊದೆಯೊಳಗೆ ಮರೆಯಾಯಿತು. ಆ ನಿಧಾನವನ್ನು ನಾನು ಕೃತಜ್ಞತೆ ಎಂದು ಭಾವಿಸಿದೆ! ಆ ವರ್ಷದ ಕಾಲೇಜು ವಾರ್ಷಿಕ ಸಂಚಿಕೆಯಲ್ಲಿ 'ಅಭಯದಾನ' ಎಂಬ ಶೀರ್ಷಿಕೆಯಲ್ಲಿ ಲೇಖನವನ್ನೂ ಬರೆದೆ. ಹಲವರು ಮೆಚ್ಚಿದರು.

ಮೆಚ್ಚದಿದ್ದವನು ಒಬ್ಬನೇ. ಆತ ನನ್ನ ಹಳೆಯ ವಿದ್ಯಾರ್ಥಿ. ಹಾವುಗಳ ಅಧ್ಯಯನದ ಹುಚ್ಚು ಹಿಡಿಸಿಕೊಂಡು ಆಗುಂಬೆಯ ಕಡೆಯಲ್ಲಿ ನೆಲೆಸಿದ್ದ. "ಸಾರ್, ನಿಮ್ಮ ಲೇಖನ ಓದಿದೆ. ಬೇಸರ ಮಾಡಿಕೊಳ್ಳಬಾರದು. ಆ ಹಾವು ಬಹುಶಃ ಬದುಕಿರಲಿಕ್ಕಿಲ್ಲ. ಒಮ್ಮೆ ಇಲ್ಲಿಗೆ ಬನ್ನಿ, ನಾವು ಹಾವನ್ನು ಹೇಗೆ ಸಾಗಿಸುತ್ತೇವೆ, ತೋರಿಸುತ್ತೇನೆ" ಎಂದು ಬರೆದಿದ್ದ. ಬೇಸರವಾಗದೆ ಇರಲಿಲ್ಲ. ಆದರೂ ಮರುವರ್ಷದ ಬೇಸಗೆಯ ರಜೆ ಬರುತ್ತಿದ್ದಂತೆಯೇ ಹೊರಟೆ.

ಶಿವಮೊಗ್ಗದಿಂದ ಮುಂದಿನ ದಾರಿ ತುಂಗೆಯ ಒಡನಾಟದ ದಾರಿ. ಸಕ್ರೆಬೈಲಿನ ಆನೆಗಳನ್ನು ದಾಟಿದರೆ ಮಂಡಗದ್ದೆ. ಅಲ್ಲಿ ಹೊಳೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ನಾನು ಹೋದಾಗ ಏಪ್ರಿಲ್; ಕೊಂಬೆಗಳೆಲ್ಲ ಬರಿದಾಗಿದ್ದುವು. ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ ಬೇರೆ ಬಸ್ಸು ಹಿಡಿದೆ. ಕುವೆಂಪು ಅವರ ಕಾದಂಬರಿಗಳನ್ನು ತರಗತಿಯಲ್ಲಿ ಪಾಠ ಹೇಳುವವನಿಗೆ ಆ ನಾಡಿನ ಪ್ರತಿಯೊಂದು ತಿರುವೂ ಹಿಂದೆ ಎಲ್ಲಿಯೋ ಕಂಡಂತೆ ತೋರುವುದು ಸಹಜ. ಅಡಿಕೆಯ ತೋಟ, ಅದರ ಮೇಲೆ ಗದ್ದೆಯ ಕೋಗು, ಅದರ ಮೇಲೆ ಕಾಡು. ಕಾಡಿನ ನಡುವೆ ಎಲ್ಲಿಯೋ ಒಂದು ಹೆಂಚಿನ ಮನೆಯಿಂದ ಬಚ್ಚಲ ಹೊಗೆ.

ಆಗುಂಬೆ ಚಿಕ್ಕ ಊರು. ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಸ್ಥಳ. ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರಿಸಿದ ಬೀದಿ ಇಲ್ಲಿಯದು. ಇಲ್ಲಿಂದ ಮುಂದೆ ನೆಲವೇ ಮುಗಿದುಹೋಗಿ, ೧೪ ತಿರುವುಗಳ ಘಾಟಿ ಸೋಮೇಶ್ವರದ ಕಡೆಗೆ ಇಳಿಯುತ್ತದೆ. ಆದರೆ ಹಾವುಗಳ ಲೋಕದಲ್ಲಿ ಈ ಊರಿಗಿರುವ ಹೆಸರು ಬೇರೆ ಕಾರಣದಿಂದ ಬಂದದ್ದು. ಇದು ಕಾಳಿಂಗ ಸರ್ಪದ ಊರು. ೧೯೭೦ರ ದಶಕದಲ್ಲಿ ಇಲ್ಲಿ ಕಾಳಿಂಗವನ್ನು ಕಂಡು ಮನಸೋತ ರೋಮುಲಸ್ ವಿಟೇಕರ್ ಅವರು ೨೦೦೫ರಲ್ಲಿ ಇಲ್ಲಿಯೇ ಮಳೆಕಾಡಿನ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ೨೦೦೮ರಿಂದ ಇಲ್ಲಿ ಕಾಳಿಂಗಗಳ ಒಡಲಿನಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಸಣ್ಣ ರೇಡಿಯೋ ಪ್ರೇಷಕಗಳನ್ನಿರಿಸಿ, ಅವು ಹೋದಲ್ಲೆಲ್ಲ ಹಿಂಬಾಲಿಸಿ ಅವುಗಳ ದಿನಚರಿಯನ್ನು ಬರೆದುಕೊಂಡರು. ೨೦೨೪ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯೇ ಒಂದು ಪ್ರಭೇದವೆಂದು ನಿರ್ಣಯಿಸಿ, ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟು 'ಓಫಿಯೋಫೇಗಸ್ ಕಾಳಿಂಗ' ಎಂದು ಕರೆದರು. ಕನ್ನಡ ಮೇಷ್ಟರಿಗೆ ಇದಕ್ಕಿಂತ ಸಂತೋಷದ ಸುದ್ದಿ ಯಾವುದುಂಟು?

ನನ್ನ ಶಿಷ್ಯ ಬಸ್ ನಿಲ್ದಾಣಕ್ಕೆ ಬಂದಿದ್ದ. ಆತನ ಬಿಡಾರದಲ್ಲಿ ಕಾಫಿ ಕುಡಿದು ಮುಗಿಸುವ ಮೊದಲೇ ಗೋಡೆಯ ಗೂಟಕ್ಕೆ ತಗುಲಿಸಿದ್ದ ಚೀಲವನ್ನು ತಂದು ನನ್ನ ತೊಡೆಯ ಮೇಲೆ ಹರಡಿದ. ದಪ್ಪ ಹತ್ತಿಬಟ್ಟೆಯ, ಕಪ್ಪು ಬಣ್ಣದ, ಒಂದಾಳು ಉದ್ದದ ಚೀಲ. ತೀರ್ಥಹಳ್ಳಿಯ ದರ್ಜಿಯೊಬ್ಬರು ಹೊಲಿದುಕೊಟ್ಟದ್ದಂತೆ.

"ಹೊಲಿಗೆಯ ಅಂಚು ನೋಡಿ ಸಾರ್, ಹೊರಗಡೆಗಿದೆ. ಒಳಗೆ ದಾರದ ಎಳೆ ಉಳಿದರೆ ಹಾವಿನ ಹಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಸಾಲು ಹೊಲಿಗೆ, ಬಿಚ್ಚದ ಹಾಗೆ. ಬಟ್ಟೆಯಾದ್ದರಿಂದ ಗಾಳಿಯಾಡುತ್ತದೆ, ಕಪ್ಪಾದ್ದರಿಂದ ಒಳಗೆ ಕತ್ತಲು. ಕತ್ತಲಿದ್ದರೆ ಹಾವು ಬಿಲದಲ್ಲಿದ್ದೇನೆಂದು ತಿಳಿದು ಸುಮ್ಮನಾಗುತ್ತದೆ. ಬೆಳಕು ಕಂಡರೆ ಹೊರಬರಲು ಮೂತಿಯನ್ನು ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ."

ನಾನು ಪ್ಲಾಸ್ಟಿಕ್ ಡಬ್ಬಿಯನ್ನು ನೆನೆದೆ.

ಆತ ಪಾಠ ಹೇಳುವವನಂತೆ ಒಂದೊಂದಾಗಿ ವಿವರಿಸಿದ. ಚೀಲದ ಬಾಯಿಯನ್ನು ತಿರುಚಿ ಗಂಟು ಹಾಕಿ, ಅದನ್ನು ಮಡಿಚಿ ಮತ್ತೊಂದು ಗಂಟು. ಒಂದು ಚೀಲಕ್ಕೆ ಒಂದೇ ಹಾವು. ಅದರಲ್ಲಿಯೂ ಕಾಳಿಂಗಕ್ಕೆ ಇತರ ಹಾವುಗಳೇ ಆಹಾರವಾದ್ದರಿಂದ ಜೊತೆಗೂಡಿಸುವ ಮಾತೇ ಇಲ್ಲ. ಚೀಲವನ್ನು ಮೈಗೆ ತಾಗಿಸಿ ಹಿಡಿಯಬಾರದು, ಹೆಗಲಿಗೆ ಹಾಕಬಾರದು. ವಿಷದ ಹಲ್ಲು ಬಟ್ಟೆಯನ್ನು ತೂರಿ ಬರಬಲ್ಲದು. ಆದ್ದರಿಂದ ಚೀಲವನ್ನು ಗಾಳಿಗಂಡಿಗಳಿರುವ ಮರದ ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಒಳಗೇನಿದೆ ಎಂದು ಮೇಲೆ ಬರೆಯಬೇಕು. ಹೊಟ್ಟೆ ತುಂಬಿದ ಹಾವನ್ನು ಆದಷ್ಟು ಮಟ್ಟಿಗೆ ಮುಟ್ಟಬಾರದು. ಗಾಬರಿಗೊಂಡರೆ ನುಂಗಿದ್ದನ್ನು ಕಕ್ಕಿಬಿಡುತ್ತದೆ, ಎಷ್ಟೋ ದಿನಗಳ ಊಟ ವ್ಯರ್ಥವಾಗುತ್ತದೆ.

"ಎಲ್ಲಕ್ಕಿಂತ ಮುಖ್ಯ ಬಿಸಿ ಸಾರ್. ಹಾವು ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಶಾಖವನ್ನು ತಾನೇ ಹದದಲ್ಲಿಡಲಾರದು. ಬಿಸಿಯಾದರೆ ನೆರಳಿಗೆ ಹೋಗಬೇಕು, ತಣ್ಣಗಾದರೆ ಬಿಸಿಲಿಗೆ ಬರಬೇಕು. ಮುಚ್ಚಿದ ಡಬ್ಬಿಯಲ್ಲಿ ಎಲ್ಲಿಗೆ ಹೋದೀತು? ಬಿಸಿಲಲ್ಲಿ ಹೋಗುವ ಕಾರಿನ ಡಿಕ್ಕಿ ಅದಕ್ಕೆ ಒಲೆಯಿದ್ದ ಹಾಗೆ."

'ಅಭಯದಾನ'ದ ಹಾವು ಏಕೆ ನಿಧಾನವಾಗಿ ಹರಿದುಹೋಯಿತೆಂಬುದು ಆಗ ತಿಳಿಯಿತು. ಕಾಫಿಯ ಲೋಟವನ್ನು ಕೆಳಗಿಟ್ಟೆ.

ಮಾತು ಬದಲಿಸಲೆಂದು ನಾನು ಬಾಲ್ಯದಲ್ಲಿ ಕಂಡ ಹಾವಾಡಿಗನ ಬುಟ್ಟಿಯ ವಿಷಯವೆತ್ತಿದೆ. ಸೆಗಣಿ ಸಾರಿಸಿದ ಬಿದಿರಿನ ದುಂಡು ಬುಟ್ಟಿ. ಮುಚ್ಚಳ ತೆಗೆದು ಪುಂಗಿ ಊದಿದರೆ ಹೆಡೆಯೆತ್ತುವ ನಾಗರ. ಊರೂರು ಸುತ್ತಿದ ಆ ಹಾವುಗಳು ಸುರಕ್ಷಿತವಾಗಿಯೇ ಇದ್ದುವಲ್ಲವೇ ಎಂದು ಕೇಳಿದೆ. ಶಿಷ್ಯ ತಲೆಯಲ್ಲಾಡಿಸಿದ. ಬುಟ್ಟಿಯೇನೋ ಒಳ್ಳೆಯದೇ, ಕತ್ತಲು ಉಂಟು, ಗಾಳಿಯೂ ಉಂಟು. ಆದರೆ ಅದರೊಳಗಿದ್ದ ಹಾವಿನ ಹಲ್ಲು ಕಿತ್ತಿರುತ್ತಿದ್ದರು. ಕೆಲವರು ಬಾಯಿಯನ್ನು ಹೊಲಿದುಬಿಡುತ್ತಿದ್ದರು. ಹಬ್ಬದ ದಿನ ಜನ ಹಾಲೆರೆಯುತ್ತಿದ್ದರು; ಹಾಲು ಹಾವಿನ ಆಹಾರವಲ್ಲ. ಒಂದು ಸತ್ತರೆ ಬುಟ್ಟಿಗೆ ಮತ್ತೊಂದು ಬರುತ್ತಿತ್ತು. ನೋಡುವವರಿಗೆ ಎಲ್ಲವೂ ಒಂದೇ ನಾಗರ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ನಾಡಿನ ನಾಗರ, ಕಾಳಿಂಗಗಳನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ. ಹಿಡಿದು ಬಿಡುವ ಕೆಲಸವೂ ಅರಣ್ಯ ಇಲಾಖೆಯ ಅರಿವಿನಲ್ಲಿಯೇ ನಡೆಯಬೇಕು.

ಪಶ್ಚಿಮದ ದೇಶಗಳಲ್ಲಿ ಹಾವು ಸಾಕುವುದು ಅನೇಕರ ಹವ್ಯಾಸ. ಪಂಜರದಲ್ಲಿಯೇ ಹುಟ್ಟಿದ ಕಾರ್ನ್ ಸ್ನೇಕ್, ಬಾಲ್ ಪೈತಾನ್ ಮುಂತಾದ ವಿಷವಿಲ್ಲದ ಹಾವುಗಳನ್ನು ಅವರು ಮನೆ ಬದಲಿಸುವಾಗ ಇಂಥದೇ ಚೀಲದಲ್ಲಿ ಹಾಕಿ, ಪೆಟ್ಟಿಗೆಯಲ್ಲಿಟ್ಟು, ಪ್ರಯಾಣಕ್ಕೆ ಕೆಲವು ದಿನ ಮೊದಲೇ ಆಹಾರ ನಿಲ್ಲಿಸಿ ಕೊಂಡೊಯ್ಯುತ್ತಾರೆ. "ಆ ಹಾವಿಗೆ ಪಂಜರವೇ ಊರು ಸಾರ್. ಪಂಜರ ಜೊತೆಗೆ ಬಂದರೆ ಊರೇ ಜೊತೆಗೆ ಬಂದಂತೆ. ಕಾಡಿನ ಹಾವಿಗೆ ಹಾಗಲ್ಲ" ಎಂದ. ಅದರ ಅರ್ಥ ನನಗೆ ಪೂರ್ತಿ ಆದದ್ದು ಮರುದಿನ.

ಮರುದಿನ ಬೆಳಿಗ್ಗೆ ಹತ್ತು ಗಂಟೆಯ ವೇಳೆಗೆ ದೂರವಾಣಿ ಬಂದಿತು. ಕೆಲವು ಕಿಲೋಮೀಟರಿನಾಚೆಯ ತೋಟದ ಮನೆಯೊಂದರ ಬಚ್ಚಲಿಗೆ ಕಾಳಿಂಗ ನುಗ್ಗಿದೆ. ಶಿಷ್ಯ ಮೊದಲು ಕೇಳಿದ ಪ್ರಶ್ನೆ: "ಅದು ತಾನಾಗಿಯೇ ಹೊರಗೆ ಹೋಗುವ ದಾರಿ ಇದೆಯೇ?" ಅಂಗಳದಲ್ಲಿಯೋ ತೋಟದಲ್ಲಿಯೋ ಕಂಡದ್ದಾದರೆ ದೂರ ನಿಂತು ಕಾಯಲು ಹೇಳುತ್ತಾರಂತೆ, ಬಹುಪಾಲು ಹಾವುಗಳು ತಾವೇ ಹೊರಟುಹೋಗುತ್ತವೆ. ಇದು ಸೌದೆಯ ಒಟ್ಟಿಲಿನ ಸಂದಿಗೆ ಸೇರಿಕೊಂಡಿದೆ, ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಉತ್ತರ ಬಂದಿತು. ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ, ಒಬ್ಬ ಜೊತೆಗಾರನನ್ನು ಕರೆದುಕೊಂಡು ಜೀಪಿನಲ್ಲಿ ಹೊರಟೆವು.

ಅಂಗಳದ ತುಂಬ ಜನ. ಜಗಲಿಯ ಮೇಲೆ ಮನೆಯ ಯಜಮಾನರು, ಕಂಬಕ್ಕೊರಗಿ ಅವರ ತಾಯಿ. ಜನರನ್ನು ದೂರ ಸರಿಸುವುದಕ್ಕೇ ಕಾಲು ಗಂಟೆ ಬೇಕಾಯಿತು. ಮಾರ್ಚಿಯಿಂದ ಮೇವರೆಗೆ ಕಾಳಿಂಗಗಳು ಕೂಡುವ ಕಾಲ. ಹೆಣ್ಣನ್ನು ಅರಸಿ ಗಂಡುಗಳು ಹೆಚ್ಚು ತಿರುಗಾಡುತ್ತವೆ, ಕೇರೆಹಾವಿನ ಬೆನ್ನು ಹತ್ತಿ ಮನೆಗಳಿಗೂ ಬರುತ್ತವೆ ಎಂದು ಶಿಷ್ಯ ತಗ್ಗಿದ ದನಿಯಲ್ಲಿ ಹೇಳಿದ. ನನ್ನನ್ನು ಬಹಳ ಹಿಂದೆ, ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕಾಗಿ ಮಾಡಿದ್ದು. ಕಾಳಿಂಗದ ಕಡಿತಕ್ಕೆ ಅದನ್ನು ನೆಚ್ಚುವಂತಿಲ್ಲ. ಇದನ್ನು ತಿಳಿದೂ ಆ ಇಬ್ಬರು ತರುಣರು ಬಚ್ಚಲಿಗೆ ಕಾಲಿಟ್ಟರು. ಈ ಲೇಖನವನ್ನೋದಿ ಯಾರಾದರೂ ಚೀಲ ಹೊಲಿಸಲು ಹೊರಟರೆ, ದಯವಿಟ್ಟು ಈ ಮಾತನ್ನು ಮತ್ತೊಮ್ಮೆ ಓದಬೇಕು.

ಒಳಗಿನಿಂದ ನಾಯಿ ಗುರುಗುಟ್ಟಿದಂತೆ ಒಂದು ಸದ್ದು ಕೇಳಿಸಿತು. ಅದು ಹಾವಿನ ಬುಸುಗಾಟವೆಂದು ನಂಬುವುದು ಕಷ್ಟವಾಯಿತು. ಸೌದೆಯನ್ನು ಒಂದೊಂದಾಗಿ ಸರಿಸಿದಂತೆ ಹತ್ತು ಅಡಿಗೆ ಕಡಮೆಯಿಲ್ಲದ ಹೊಳೆವ ಮೈ ಬಯಲಾಯಿತು. ಹೊಟ್ಟೆ ಉಬ್ಬಿಲ್ಲವೆಂದು ನೋಡಿಕೊಂಡರು. ಜೊತೆಗಾರ ಚೀಲದ ಬಾಯಿಯನ್ನು ಅಗಲವಾದ ಪ್ಲಾಸ್ಟಿಕ್ ಕೊಳವೆಯೊಂದಕ್ಕೆ ಬಿಗಿದು, ಕೊಳವೆಯ ತೆರೆದ ಬಾಯಿಯನ್ನು ಗೋಡೆಯ ಮೂಲೆಗೆ ಇಟ್ಟ. ಹೆದರಿದ ಹಾವಿಗೆ ಬೇಕಾದುದು ಒಂದು ಕತ್ತಲೆಯ ಬಿಲ. ಶಿಷ್ಯ ಕೊಕ್ಕೆಯಿಂದ ಅದರ ಮೈಯನ್ನು ಮೆಲ್ಲನೆ ಎತ್ತಿ ದಾರಿ ತೋರಿದ. ಹಾವು ಹೆಡೆಯೆತ್ತಿ ನಿಂತಿತು, ನಾಲಗೆ ಚಾಚಿತು, ಅವರಿಬ್ಬರೂ ಅಲುಗಾಡದೆ ನಿಂತರು. ಕಡೆಗೆ ಅದೇ ತಲೆ ತಗ್ಗಿಸಿ ಕೊಳವೆಯನ್ನು ಹೊಕ್ಕಿತು. ಕತ್ತು ಹಿಸುಕಲಿಲ್ಲ, ತಲೆಯ ಮೇಲೆ ಕಾಲಿಡಲಿಲ್ಲ. ಬಾಲವೂ ಒಳಗಾದ ಮೇಲೆ ಚೀಲವನ್ನು ತಿರುಚಿ, ಗಂಟು ಹಾಕಿ, ಪೆಟ್ಟಿಗೆಯಲ್ಲಿಟ್ಟರು. ಹಾವು ಸದ್ದಿಲ್ಲದೆ ಸುರುಳಿಯಾಗಿ ಮಲಗಿತು.

ಕಷ್ಟದ ಕೆಲಸ ಮುಗಿಯಿತೆಂದು ನಾನು ತಿಳಿದೆ. ಅದು ಆರಂಭವಾದದ್ದೇ ಆಗ.

"ಎಲ್ಲಿ ಬಿಡ್ತೀರಿ?" ಎಂದರು ಯಜಮಾನರು.

"ನಿಮ್ಮ ತೋಟದ ಕೆಳಗೆ, ಹಳ್ಳದ ಆಚೆ."

"ಅಲ್ಲಾ ಮಾರಾಯ್ರೆ, ಅರ್ಧ ಮೈಲಿ ಇಲ್ಲ ಅದು! ಮಕ್ಕಳು ಮರಿ ಇರೋ ಮನೆ. ಎಷ್ಟು ದೂರ ಆದ್ರೂ ಸರಿ, ಘಾಟಿ ಕೆಳಗೆ ತಗೊಂಡ್ಹೋಗಿ ಬಿಡಿ. ಖರ್ಚು ನಾನು ಕೊಡ್ತೇನೆ."

ಎರಡು ವರ್ಷದ ಹಿಂದಣ ನನ್ನ ಮಾತೇ ಇನ್ನೊಬ್ಬರ ಬಾಯಿಂದ ಬಂದಂತಾಯಿತು. ಶಿಷ್ಯ ಸಮಾಧಾನದಿಂದ ವಿವರಿಸಿದ. ಈ ಹಾವಿಗೆ ಇಲ್ಲಿಯ ನೀರು, ಬಿಲ, ಬಿಸಿಲು ಕಾಯುವ ಬಂಡೆ ಎಲ್ಲವೂ ತಿಳಿದಿವೆ. ಆಗುಂಬೆಯಲ್ಲಿ ರೇಡಿಯೋ ಹಿಡಿದು ಹಿಂಬಾಲಿಸಿದಾಗ, ದೂರ ಒಯ್ದು ಬಿಟ್ಟ ಕಾಳಿಂಗವು ತನ್ನ ನೆಲೆಯಲ್ಲಿಯೇ ಇದ್ದ ಕಾಳಿಂಗಕ್ಕಿಂತ ಬಹಳ ಹೆಚ್ಚು ಅಲೆದಾಡಿದ್ದು ಕಂಡುಬಂದಿದೆ. ಹಾಗೆ ಅಲೆಯುವ ಹಾವು ಇನ್ನೂ ಹತ್ತು ಮನೆಗಳ ಬಚ್ಚಲಿಗೆ ನುಗ್ಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಗಿಲಿಕೆಹಾವುಗಳ ಮೇಲೆ ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗಕ್ಕೆ ಒಯ್ದು ಬಿಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ತಮ್ಮ ಜಾಗದಲ್ಲಿಯೇ ಇದ್ದವುಗಳಲ್ಲಿ ಸತ್ತದ್ದು ಒಂಬತ್ತಕ್ಕೆ ಒಂದು ಮಾತ್ರ.

ಯಜಮಾನರ ಮುಖ ಸಡಿಲಲಿಲ್ಲ. ಅವರು ನನ್ನ ಕಡೆಗೆ ತಿರುಗಿ, "ಮೇಷ್ಟ್ರೇ, ನೀವು ದೊಡ್ಡವರು, ನೀವೇ ಹೇಳಿ" ಎಂದರು.

ಏನು ಹೇಳಲಿ? ಅಂಕಿ ಅಂಶ ನನಗೆ ಬಾರದು. ನಡೆದದ್ದನ್ನೇ ಹೇಳಿದೆ. ಡಬ್ಬಿ, ಡಿಕ್ಕಿ, ೭೦ ಕಿಲೋಮೀಟರು, ಬಯಲುಸೀಮೆಯ ಹಾವಿಗೆ ಕೊಟ್ಟ ಮಲೆನಾಡಿನ ಹಸಿರು, ಅನಂತರದ ಲೇಖನ, ಅದಕ್ಕೆ ಬಂದ ಮೆಚ್ಚುಗೆ, ಕಡೆಗೆ ಬಂದ ಈ ಹುಡುಗನ ಕಾಗದ. "ಕೊಲ್ಲುವವರನ್ನು ತಡೆದು ನಾನೇ ಕೊಂದೆನೆಂದು ಈಗ ಅನಿಸುತ್ತದೆ" ಎಂದೆ. ವಿದ್ಯಾರ್ಥಿಯ ಎದುರಿಗೆ, ಗುರುತಿಲ್ಲದ ಅಂಗಳದಲ್ಲಿ, ಇಷ್ಟು ಹೇಳಲು ನಾಲಗೆ ತಡವರಿಸಿತು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕಂಬಕ್ಕೊರಗಿದ್ದ ಅಜ್ಜಿ ಬಾಯಿಯ ಎಲೆಯಡಿಕೆಯನ್ನು ಉಗಿದು ಬಂದು ಮಗನಿಗೆ ಹೇಳಿದರು: "ಹೌದಲ್ಲನಾ? ನಾ ಮದುವೆಯಾಗಿ ಈ ಮನೆಗೆ ಬಂದಾಗ ಬಾವಿ ದಾರಿ ಗೊತ್ತಾಗೋಕೇ ಎಷ್ಟೋ ದಿನ ಬೇಕಾಯ್ತು. ನಂಗೆ ತೋರಿಸೋಕೆ ಅತ್ತೆಮ್ಮ ಇದ್ರು. ಆ ಜೀವಕ್ಕೆ ಅಲ್ಲಿ ಯಾರಿದಾರೆ? ಇಲ್ಲೇ ಬಿಡ್ಲಿ. ಸೌದೆ ಒಟ್ಟೋ ಜಾಗ ಬೇರೆ ಮಾಡು, ಬಚ್ಚಲ ಬಾಗಿಲಿಗೆ ಹಲಗೆ ಹೊಡಿಸು."

ಯಜಮಾನರು ಉತ್ತರ ಹೇಳಲಿಲ್ಲ. ಎದ್ದು ಕತ್ತಿ ತೆಗೆದುಕೊಂಡು, "ಹಳ್ಳದ ದಾರಿ ಪೊದೆ ಬೆಳೆದಿದೆ, ನಾನು ಸವರಿ ಕೊಡ್ತೇನೆ" ಎಂದು ಮುಂದೆ ನಡೆದರು.

ಜೀಪು ಬೇಕಾಗಲೇ ಇಲ್ಲ. ಪೆಟ್ಟಿಗೆಯ ಎರಡು ಹಿಡಿಗಳನ್ನು ಇಬ್ಬರು ಹಿಡಿದು, ತೂಗಾಡಿಸದೆ, ಅಡಿಕೆಯ ನೆರಳಿನಲ್ಲಿ ನಡೆದೆವು. ಹಳ್ಳ ದಾಟಿ ಕಾಡಿನಂಚು ತಲುಪಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಚೀಲವನ್ನು ತರಗೆಲೆಯ ಮೇಲಿಟ್ಟು, ಗಂಟು ಬಿಚ್ಚಿ, ಕೊಕ್ಕೆಯಿಂದ ಬಾಯಿಯನ್ನು ಸಡಿಲಿಸಿ, ಎಲ್ಲರೂ ಹಿಂದೆ ಸರಿದು ನಿಂತೆವು. ಬಹಳ ಹೊತ್ತು ಏನೂ ಆಗಲಿಲ್ಲ. ಮೊದಲು ನಾಲಗೆ ಕಾಣಿಸಿತು, ಆಮೇಲೆ ತಲೆ. ಹೊರಬಂದ ಹಾವು ಅತ್ತಿತ್ತ ತಿರುಗಲಿಲ್ಲ. ಒಂದು ದೊಡ್ಡ ಮರದ ಬೇರುಗಳ ನಡುವಣ ಸಂದಿಗೆ ನೇರವಾಗಿ ಹರಿದು, ಆ ಬದಿಯಿಂದ ಮೇಲೇರಿ, ಬಂಡೆಯ ಹಿಂದೆ ಮರೆಯಾಯಿತು. ಅದಕ್ಕೆ ಯಾರನ್ನೂ ದಾರಿ ಕೇಳಬೇಕಾಗಿರಲಿಲ್ಲ.

"ಸುರಕ್ಷಿತವಾಗಿ ಸಾಗಿಸುವುದೆಂದರೆ ಇಷ್ಟೇ ಸಾರ್" ಎಂದ ಶಿಷ್ಯ ಚೀಲವನ್ನು ಮಡಿಚುತ್ತ. "ಚೀಲ ಎಷ್ಟು ಚೆನ್ನಾಗಿದ್ದರೂ ದಾರಿ ಉದ್ದವಾದರೆ ಪ್ರಯೋಜನವಿಲ್ಲ."

ಬಿಡಾರಕ್ಕೆ ಹಿಂದಿರುಗಿ ಆತ ಮೊದಲು ಮಾಡಿದ ಕೆಲಸ ಚೀಲವನ್ನು ತೊಳೆದದ್ದು. ಒಂದು ಹಾವಿನ ವಾಸನೆ ಉಳಿದ ಚೀಲದಲ್ಲಿ ಮತ್ತೊಂದನ್ನು ಹಾಕಿದರೆ ಅದು ಕಂಗೆಡುತ್ತದಂತೆ. ಹಿತ್ತಿಲಿನ ತಂತಿಯ ಮೇಲೆ, ಆತನ ಅಂಗಿ ಪಂಚೆಗಳ ನಡುವೆ, ಆ ಕಪ್ಪು ಚೀಲ ಒಳಮಗ್ಗುಲು ಹೊರಗಾಗಿ ಒಣಗುತ್ತಿತ್ತು. ಸಂಜೆ ಸೂರ್ಯಾಸ್ತ ನೋಡಲು ಹೋಗೋಣವೆಂದು ಆತ ಕರೆದ. ಹೋದೆವು. ಮೋಡ ಕವಿದು ಏನೂ ಕಾಣಲಿಲ್ಲ. ಬಂದಿದ್ದ ಪ್ರವಾಸಿಗಳು ಬಹಳ ನಿರಾಶರಾದರು.

ಊರಿಗೆ ಬಂದ ಮೇಲೆ ಪ್ರಾಂಶುಪಾಲರಿಗೆ ಹೇಳಿ ಗ್ರಂಥಾಲಯದ ಮೆಟ್ಟಿಲ ಕೆಳಗಿನ ಬಿರುಕುಗಳನ್ನು ಮುಚ್ಚಿಸಿದೆ. ಊಟದ ಉಳಿಕೆಯನ್ನು ಅಲ್ಲಿಯೇ ಚೆಲ್ಲಿ ಇಲಿಗಳನ್ನು ಕರೆಯುತ್ತಿದ್ದ ನಮ್ಮ ಅಭ್ಯಾಸವನ್ನೂ ನಿಲ್ಲಿಸಿದೆವು. ಬೇಲಿಯ ಬದಿಯ ಹುತ್ತ ಹಾಗೆಯೇ ಇದೆ. ಮತ್ತೊಮ್ಮೆ ಹಾವು ಬಂದರೆ ಅದನ್ನು ಒಯ್ದು ಬಿಡುವ ಜಾಗ ಅದರಾಚೆಯ ಹೊಲವೇ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ವಾರ್ಷಿಕ ಸಂಚಿಕೆಗೆ ಈ ಬಾರಿಯೂ ಒಂದು ಲೇಖನ ಕೊಟ್ಟಿದ್ದೇನೆ. ಸಂಪಾದಕ ಮಂಡಲಿಯವರು ಅದಕ್ಕೆ ಹಿಂದಿನಂತೆಯೇ ಒಂದು ಒಳ್ಳೆಯ ಶೀರ್ಷಿಕೆ ಬೇಕೆಂದರು. 'ತಿದ್ದುಪಡಿ' ಎಂದು ಬರೆದುಕೊಟ್ಟೆ.